ದಮ್ಮಿನ ಹೆಸರು ಒಂದೇ, ಉರಿಯೂತ ಬೇರೆ ಬೇರೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ದಮ್ಮು, ಗೂರಲು, ಉಬ್ಬಸ ಎಂಬ ಮಾತುಗಳು ಹೆಚ್ಚಿನ ಭೇದವಿಲ್ಲದೆ ಬಳಕೆಯಲ್ಲಿದ್ದು, ರೇಷ್ಮೆ ನೂಲು ಬಿಚ್ಚುವ ಯುವಕನ ಸೀಟಿಯಂಥ ಉಸಿರಿಗೂ ಸೌದೆ ಒಲೆಯ ಮುಂದೆ ಮೂವತ್ತು ವರ್ಷ ಕಳೆದ ಅಜ್ಜಿಯ ಕಫದ ಕೆಮ್ಮಿಗೂ ಅದೇ ಹೆಸರು ಸಲ್ಲುತ್ತದೆ. ವೈದ್ಯವಿಜ್ಞಾನವೂ ಬಹುಕಾಲ ಶ್ವಾಸನಾಳವನ್ನು ಸುತ್ತಿರುವ ಸ್ನಾಯುವಿನ ಬಿಗಿತವನ್ನೇ ಮುಖ್ಯ ದೋಷವೆಂದು ಬಗೆದು, ಅದನ್ನು ಸಡಿಲಿಸುವ ಔಷಧಗಳನ್ನೇ ಹೆಚ್ಚಾಗಿ ನೆಚ್ಚಿಕೊಂಡಿತ್ತು. ಬಿಗಿತಕ್ಕೆ ಹಿನ್ನೆಲೆಯಾಗಿ ನಾಳದ ಒಳಪದರದಲ್ಲಿ ಸದಾ ಉರಿಯೂತವಿರುತ್ತದೆ, ಅಂದರೆ ರೋಗರಕ್ಷಕ ಕಣಗಳು ಅಲ್ಲಿ ಗುಂಪುಗೂಡಿ, ಪದರ ಊದಿಕೊಂಡು, ಲೋಳೆ ಹೆಚ್ಚುತ್ತದೆ ಎಂಬ ಅರಿವು ಕಳೆದ ಕೆಲವು ದಶಕಗಳಲ್ಲಿ ಗಟ್ಟಿಯಾಯಿತು. ಆ ಉರಿಯೂತ ಎಲ್ಲರಲ್ಲೂ ಒಂದೇ ಬಗೆಯದಲ್ಲ ಎಂಬುದು ಅದಕ್ಕಿಂತಲೂ ಮುಖ್ಯವಾದ ಅರಿವು.

ಈ ಭೇದವನ್ನು ತಿಳಿಯಲು ರೇಷ್ಮೆಗಿಂತ ಹತ್ತಿರದ ಉದಾಹರಣೆ ಈ ಸೀಮೆಯಲ್ಲಿ ಇರಲಾರದು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಂಥ ಊರುಗಳಲ್ಲಿ ನೂಲು ಬಿಚ್ಚಲು ಗೂಡುಗಳನ್ನು ಬೇಯಿಸುವಾಗ ಎಳೆಗಳನ್ನು ಅಂಟಿಸಿಟ್ಟಿರುವ ಸೆರಿಸಿನ್ ಎಂಬ ಪ್ರೋಟೀನು ಮೆತ್ತಗಾಗುತ್ತದೆ, ಒಳಗಿನ ಹುಳುವೂ ಬೇಯುತ್ತದೆ, ಮತ್ತು ಗೂಡಿನ ಧೂಳು, ತುಂತುರುಗಳೊಡನೆ ಈ ಪ್ರೋಟೀನುಗಳ ಸೂಕ್ಷ್ಮ ಕಣಗಳು ಕೆಲಸಗಾರರ ಉಸಿರನ್ನು ಸೇರುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ಅಧ್ಯಯನವು ನೂಲು ಬಿಚ್ಚುವ ಕಾರ್ಖಾನೆಗಳ ಕೆಲಸಗಾರರಲ್ಲಿ ಕಸುಬಿನಿಂದಲೇ ಬರುವ ಅಸ್ತಮಾ ಎಷ್ಟು ವ್ಯಾಪಕವೆಂಬುದನ್ನು ದಾಖಲಿಸಿತು. ಇಂಥ ಅಸ್ತಮಾ ಮೊದಲ ದಿನವೇ ಕಾಣಿಸಿಕೊಳ್ಳುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಸಿರಾಡಿದ ಮೇಲೆ ದೇಹವು ಆ ಪ್ರೋಟೀನನ್ನು ಶತ್ರುವೆಂದು ಗುರುತಿಸಿ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ. ಅದು ಮಾಸ್ಟ್ ಎಂಬ ರೋಗರಕ್ಷಕ ಕಣಗಳ ಮೇಲೆ ಹೊಂಚು ಹಾಕಿ ಕುಳಿತಿದ್ದು, ಮರುದಿನದ ಧೂಳು ತಾಗಿದೊಡನೆ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಸುರಿಯುತ್ತವೆ. ಅದರ ಬೆನ್ನಿಗೇ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ನಾಳದ ಗೋಡೆಗೆ ಮುತ್ತುತ್ತವೆ. ಇಯೊಸಿನ್ ಎಂಬ ಕೆಂಪು ಬಣ್ಣವನ್ನು ಹೀರುವುದರಿಂದ ಜರ್ಮನಿಯ ಪಾಲ್ ಎರ್ಲಿಕ್ 1879ರಲ್ಲಿ ಇವಕ್ಕೆ ಆ ಹೆಸರಿಟ್ಟರು. ಉಸಿರಿನ ಮೂಲಕ ಎಳೆದುಕೊಳ್ಳುವ ಸ್ಟೀರಾಯ್ಡ್ ಔಷಧ ಈ ಕಣಗಳನ್ನು ಚೆನ್ನಾಗಿ ಹತ್ತಿಕ್ಕುತ್ತದೆ.

ಒಲೆಯ ಹೊಗೆಯ ಕತೆ ಹೀಗಲ್ಲ. ಹೊಗೆಯನ್ನು ಎದುರಿಸುವ ಮ್ಯಾಕ್ರೋಫೇಜ್ ಎಂಬ ಕಾವಲು ಕಣಗಳು ಸಹಾಯಕ್ಕೆ ಕರೆಯುವುದು ಹೆಚ್ಚಾಗಿ ನ್ಯೂಟ್ರೋಫಿಲ್ ಎಂಬ ಬೇರೊಂದು ಬಗೆಯ ಬಿಳಿ ರಕ್ತಕಣಗಳನ್ನು. ಅವು ಉಗುಳುವ ಇಲಾಸ್ಟೇಸ್ ಎಂಬ ಕಿಣ್ವವು ಶ್ವಾಸಕೋಶಕ್ಕೆ ರಬ್ಬರಿನ ಗುಣ ಕೊಡುವ ಎಳೆಗಳನ್ನೇ ಕರಗಿಸುವುದರಿಂದ, ಕ್ರಮೇಣ ಮರಳಿ ಸರಿಯಾಗದ ಸಿಒಪಿಡಿ ಎಂಬ ದೀರ್ಘಕಾಲಿಕ ಉಸಿರಿನ ತಡೆ ಉಂಟಾಗುತ್ತದೆ. ಬೀಡಿ ಮುಟ್ಟದ ಹೆಂಗಸಿಗೆ ಎದೆಯ ಕಾಯಿಲೆ ಏಕೆ ಬಂದೀತು ಎಂಬ ಪ್ರಶ್ನೆಗೆ ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರನ್ನು ಪರೀಕ್ಷಿಸಿ 2013ರಲ್ಲಿ ಒಂದು ಅಂಕಿಯನ್ನೇ ಉತ್ತರವಾಗಿ ಕೊಟ್ಟರು: ದಿನಕ್ಕೆ ಒಲೆಯ ಮುಂದಿರುವ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿದಾಗ ಬರುವ ಸೂಚ್ಯಂಕ 60 ಮುಟ್ಟಿದರೆ ದೀರ್ಘಕಾಲಿಕ ಬ್ರಾಂಕೈಟಿಸ್‌ನ, ಅಂದರೆ ಬಿಡದ ಕಫದ ಕೆಮ್ಮಿನ, ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ. ಹದಿನೆಂಟಕ್ಕೆ ಒಲೆ ಹಿಡಿದವಳು ನಲವತ್ತಕ್ಕೆ ಮುನ್ನವೇ ಆ ಗೆರೆಯನ್ನು ದಾಟಿರುತ್ತಾಳೆ.

ಹೊಗೆಯ ಉರಿಯೂತ ಸ್ಟೀರಾಯ್ಡ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಉರಿಯೂತದ ಜೀನ್‌ಗಳನ್ನು ಮುಚ್ಚಲು ಆ ಔಷಧ ಬಳಸಿಕೊಳ್ಳುವ ಕಿಣ್ವವೊಂದು ಸಿಒಪಿಡಿಯಲ್ಲಿ ಕುಂದಿರುತ್ತದೆ. ಸಿಒಪಿಡಿ ಇರುವವರಲ್ಲೂ ಯಾರಿಗೆ ಸ್ಟೀರಾಯ್ಡ್ ನೆರವಾದೀತೆಂದು ಊಹಿಸಲು ದುಬಾರಿ ಯಂತ್ರ ಬೇಕಿಲ್ಲ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಒಂದು ಮೈಕ್ರೋಲೀಟರಿಗೆ 300 ಅಥವಾ ಹೆಚ್ಚು ಇಯೊಸಿನೊಫಿಲ್‌ಗಳಿದ್ದರೆ ಉಪಯೋಗದ ಸಂಭವ ಹೆಚ್ಚು, 100ಕ್ಕಿಂತ ಕಡಿಮೆಯಿದ್ದರೆ ಅಲ್ಪ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಅಸ್ತಮಾ ರೋಗಿಗಳ ಸಮಸ್ಯೆ ಬೇರೆ: 'ಪಂಪು' ಹಿಡಿದರೆ ಚಟವಾಗುತ್ತದೆ ಎಂಬ ಹುರುಳಿಲ್ಲದ ಭಯದಿಂದ, ಮೈಕ್ರೋಗ್ರಾಂ ಲೆಕ್ಕದ ಇನ್‌ಹೇಲರ್ ಬಿಟ್ಟು ಮಿಲಿಗ್ರಾಂ ಲೆಕ್ಕದ ಮಾತ್ರೆಯನ್ನು ನುಂಗುವವರು ಕಡಿಮೆಯಿಲ್ಲ.

ಪುಸ್ತಕದ ಈ ವಿಂಗಡಣೆ ಬದುಕಿನಲ್ಲಿ ಅಷ್ಟು ಶುದ್ಧವಾಗಿ ಉಳಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಸೌದೆ ಉರಿಸಿ ಗೂಡು ಬೇಯಿಸುವ ಕಡೆ ಪ್ರೋಟೀನೂ ಹೊಗೆಯೂ ಒಂದೇ ಸೂರಿನಡಿ ಇರುತ್ತವೆ. ಅಲ್ಲಿಂದ ಮನೆಗೆ ಮರಳಿದ ಹೆಂಗಸಿಗೆ ಮತ್ತೊಂದು ಒಲೆ ಕಾದಿರುತ್ತದೆ. ಕಸುಬಿನ ಕಾಯಿಲೆಗಳನ್ನೇ ಅಧ್ಯಯನ ಮಾಡುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದಕ್ಷಿಣ ಪ್ರಾದೇಶಿಕ ಕೇಂದ್ರವು ದೇವನಹಳ್ಳಿ ತಾಲ್ಲೂಕಿನ ಕನ್ನಮಂಗಲದ ಬಳಿಯೇ ಇದೆ. ಆದರೂ ಕಸುಬಿನ ಪ್ರಶ್ನೆ ಮೊದಲು ಏಳಬೇಕಾದದ್ದು ಊರಿನ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ. ಆದ್ದರಿಂದ ವೈದ್ಯರು ಕೇಳದಿದ್ದರೂ ರೋಗಿಯು ತನ್ನ ಕೆಲಸವೇನು, ಮನೆಯ ಒಲೆ ಯಾವುದು, ರಜೆಯ ದಿನ ಅಥವಾ ನೆಂಟರ ಊರಿನಲ್ಲಿ ಉಸಿರು ಹಗುರಾಗುತ್ತದೆಯೇ ಎಂಬುದನ್ನು ತಾನಾಗಿಯೇ ಹೇಳಬೇಕು. ಕೆಲಸವಿಲ್ಲದ ದಿನ ಇಳಿಯುವ ದಮ್ಮು ಕೆಲಸದಿಂದಲೇ ಬಂದಿರಬಹುದು.