ತಟ್ಟೆ ಮೊದಲೋ, ಕರುಳು ಮೊದಲೋ

ರಸೆಲ್ ಮಾರುಕಟ್ಟೆಯ ಬಾಗಿಲಲ್ಲಿ ಅಕ್ಕನ ಮಗ ಕಿವಿ ಮುಚ್ಚಿಕೊಂಡು ನಿಂತುಬಿಡುತ್ತಾನೆ. ಮೀನಿನ ವಾಸನೆ, ಕೂಗಾಟ, ಒದ್ದೆ ನೆಲ ಯಾವುದನ್ನೂ ಅವನು ತಾಳಲಾರ. ಒಂಬತ್ತು ವರ್ಷದವನು, ಆಟಿಸಂ ಇದೆ. 1933ರಿಂದ ಶಿವಾಜಿನಗರಕ್ಕೆ ಉಣಿಸುತ್ತಿರುವ ಈ ಕಟ್ಟಡದಲ್ಲಿ ನುಗ್ಗೆ, ದಂಟು, ಖರ್ಜೂರ ಏನುಂಟು ಏನಿಲ್ಲ! ಅವನು ಮುಟ್ಟುವುದು ಮೊಸರನ್ನ, ಇಡ್ಲಿ, ಬಾಳೆಹಣ್ಣು, ಅಷ್ಟೇ. ಮಲಬದ್ಧತೆಯಿಂದ ಅಳುವ ದಿನಗಳು ಬಹಳ ಇದ್ದವು.

‘ಆಟಿಸಂ ಹುಟ್ಟುವುದೇ ಹೊಟ್ಟೆಯಲ್ಲಿ’ ಎಂದು ಯಾರೋ ಹೇಳಿದಾಗ ಅಕ್ಕನಿಗೆ ಆಸೆ ಹುಟ್ಟಿತು. ಆ ಮಾತಿಗೆ ಒಂದಿಷ್ಟು ಬುಡವಿದೆ. ನಮಗೆ ಅರಗದ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಆಮ್ಲಗಳನ್ನು ಮಾಡುತ್ತವೆ. ದೇಹದ ಸೆರೊಟೋನಿನ್ನಿನಲ್ಲಿ ನೂರಕ್ಕೆ ಸುಮಾರು 90 ಭಾಗ ತಯಾರಾಗುವುದು ಕರುಳಿನಲ್ಲೇ. ಅಲ್ಲಿನ ಸುದ್ದಿಯನ್ನು ವೇಗಸ್ ನರ ಮಿದುಳಿಗೆ ಮುಟ್ಟಿಸುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ ಅರಿಜೋನಾದಲ್ಲಿ ಆಟಿಸಂ ಇರುವ 18 ಮಕ್ಕಳಿಗೆ ಆರೋಗ್ಯವಂತರ ಮಲದಿಂದ ತೆಗೆದ ಬ್ಯಾಕ್ಟೀರಿಯಾ ಕೊಟ್ಟರು. ಹೊಟ್ಟೆಯ ತೊಂದರೆ ಇಳಿಯಿತು, ನಡವಳಿಕೆಯೂ ಸುಧಾರಿಸಿತು. ಆದರೆ ಹೋಲಿಸಿ ನೋಡಲು ಹುಸಿಮದ್ದು ಪಡೆದ ಗುಂಪೇ ಇರಲಿಲ್ಲ. ಅಲ್ಲೇ ನನಗೆ ಅನುಮಾನ.

ನನ್ನನ್ನು ಹಿಡಿದು ನಿಲ್ಲಿಸಿದ್ದು ನಮ್ಮ ಕಾಸರಗೋಡಿನ ಅಧ್ಯಯನ. ಅಲ್ಲಿನ ಕೇಂದ್ರೀಯ ವಿಶ್ವವಿದ್ಯಾಲಯದವರೂ ಭೋಪಾಲದ ವಿಜ್ಞಾನ ಸಂಸ್ಥೆ ಐಸರ್‌ನವರೂ ಆಟಿಸಂ ಇರುವ 30 ಭಾರತೀಯ ಮಕ್ಕಳ ಮಲವನ್ನು ಇತರ 24 ಮಕ್ಕಳದ್ದರೊಂದಿಗೆ ಹೋಲಿಸಿ 2018ರಲ್ಲಿ ಪ್ರಕಟಿಸಿದರು. ಆಟಿಸಂ ಇರುವವರಲ್ಲಿ ಹೆಚ್ಚಾಗಿ ಕಂಡದ್ದು ಲ್ಯಾಕ್ಟೊಬ್ಯಾಸಿಲಸ್! ಮೊಸರಿನಲ್ಲಿರುವ, ‘ಒಳ್ಳೆಯ ಬ್ಯಾಕ್ಟೀರಿಯಾ’ ಎಂದು ಔಷಧದಂಗಡಿಯಲ್ಲಿ ಮಾರುವ ಬಳಗ ಅದು. ಓದುತ್ತಿದ್ದಂತೆ ಆ ಮೊಸರನ್ನದ ತಟ್ಟೆ ಕಣ್ಮುಂದೆ ಬಂತು.

ತಟ್ಟೆಯನ್ನೂ ಲೆಕ್ಕಕ್ಕೆ ಹಿಡಿದವರು ಆಸ್ಟ್ರೇಲಿಯಾದವರು. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 247 ಮಕ್ಕಳನ್ನು ಪರೀಕ್ಷಿಸಿದ ಅವರಿಗೆ ಆಟಿಸಂಗೂ ಬ್ಯಾಕ್ಟೀರಿಯಾಕ್ಕೂ ನೇರ ನಂಟು ಹೆಚ್ಚೇನೂ ಸಿಗಲಿಲ್ಲ. ರುಚಿ, ವಾಸನೆ, ಸ್ಪರ್ಶ ಸಹಿಸದ ಮಗು ಕೆಲವನ್ನೇ ತಿನ್ನುತ್ತದೆ. ಊಟದ ಬಗೆ ಕಡಿಮೆಯಾದರೆ ಕರುಳಿನ ಜೀವಿಗಳ ಬಗೆಯೂ ಕಡಿಮೆಯಾಗುತ್ತದೆ. ಅಂದರೆ ಕರುಳು ಆಟಿಸಂ ತರುವುದಕ್ಕಿಂತ, ಆಟಿಸಂ ಊಟದ ದಾರಿಯಲ್ಲಿ ಕರುಳನ್ನು ಬದಲಿಸುವ ಸಾಧ್ಯತೆಯೇ ಹೆಚ್ಚು.

ಹಾಗಾದರೆ ಮೂರೇ ತಿನಿಸು ತಿನ್ನುವ ಮಗುವಿಗೆ ‘ಆಟಿಸಂ ಇಳಿಯಲು ಹಾಲು, ಗೋಧಿ ಬಿಡಿಸಿ’ ಎನ್ನುವವರ ಮಾತು ಕೇಳಬಾರದು. ಮೊಸರೂ ಹೋದರೆ ಉಳಿಯುವುದೇನು? ಮಲಬದ್ಧತೆ ಮಾತ್ರ ನಿಜವಾದ ನೋವು. ಅದಕ್ಕೆ ಮಕ್ಕಳ ವೈದ್ಯರ ಬಳಿ ಮದ್ದಿದೆ. ಅವನೀಗ ಅಳುವುದು ಕಡಿಮೆ.

ಈಗ ನಾವು ಗದ್ದಲ ಏಳುವ ಮುಂಚೆ, ನಸುಕಿನಲ್ಲೇ ಮಾರುಕಟ್ಟೆಗೆ ಹೋಗುತ್ತೇವೆ. ಕಳೆದ ವಾರ ಅವನು ಪರಂಗಿ ಹಣ್ಣೊಂದನ್ನು ಎತ್ತಿ ಮೂಸಿದ. ತಿನ್ನಲಿಲ್ಲ. ಮನೆಯವರೆಗೂ ತಾನೇ ಹಿಡಿದುಕೊಂಡು ಬಂದ.