ಬ್ಲಡ್‌ಬೋರ್ನ್ ಎಂಬ ಕಠಿನವಾದ ಆಟವೂ ಅದನ್ನಾಡುವ ಬಗೆಯೂ

ಮಕ್ಕಳು ಪರದೆಯ ಮುಂದೆ ಕೂತು ಆಡುವ ವಿಡಿಯೋ ಆಟಗಳ ವಿಷಯದಲ್ಲಿ ತಾಯಿತಂದೆಗಳಿಗೆ ಬಹಳ ಕಳವಳವುಂಟು. ಒಂದೇ ದಾರಿಯಲ್ಲಿ ಹತ್ತು ಸಾರಿ ಸೋತು ಹನ್ನೊಂದನೆಯ ಸಾರಿಯೂ ಅದೇ ದಾರಿಯನ್ನು ಹಿಡಿಯುವ ಮಗಳನ್ನು ಕಂಡವರು ಇದೆಂಥ ಹುಚ್ಚೆಂದು ಕೇಳುವದು ಸಹಜವೇ. ಆದರೆ ಯಾವದನ್ನೂ ತಿಳಿಯದೆ ಹೊಗಳುವದಾಗಲಿ ತೆಗಳುವದಾಗಲಿ ನ್ಯಾಯವಲ್ಲ. ಆದಕಾರಣ ಇಂಥ ಆಟಗಳಲ್ಲಿ ಬಹು ಕಠಿನವೆಂದು ಹೆಸರಾದ ಬ್ಲಡ್‌ಬೋರ್ನಿನ ವಿವರವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಈ ಆಟವನ್ನು ಜಪಾನ್ ದೇಶದ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯವರು ರಚಿಸಿದರು. ಸೋನಿ ಕಂಪೆನಿಯವರು 2015ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಪ್ಲೇಸ್ಟೇಷನ್ 4 ಯಂತ್ರಕ್ಕಾಗಿ ಪ್ರಕಟಿಸಿದರು. ಇದರ ನಿರ್ದೇಶಕರಾದ ಹಿದೆತಾಕ ಮಿಯಾಜಾಕಿಯವರು ಅದಕ್ಕೆ ಮೊದಲು 2009ರಲ್ಲಿ ಡೀಮನ್ಸ್ ಸೋಲ್ಸ್, 2011ರಲ್ಲಿ ಡಾರ್ಕ್ ಸೋಲ್ಸ್ ಎಂಬ ಆಟಗಳಿಂದ ಪ್ರಸಿದ್ಧರಾಗಿದ್ದರು. ಕಥೆ ನಡೆಯುವದು ಯಾರ್ನಮ್ ಎಂಬ ಕಲ್ಪಿತ ಪಟ್ಟಣದಲ್ಲಿ. ಚೂಪಾದ ಗೋಪುರಗಳು, ಮಂಜು ಮುಸುಕಿದ ಬೀದಿಗಳು, ಮುಚ್ಚಿದ ಕಿಟಕಿಗಳು—ಎಲ್ಲವೂ ಹತ್ತೊಂಬತ್ತನೆಯ ಶತಮಾನದ ಯೂರೋಪನ್ನು ನೆನಪಿಗೆ ತರುವವು. ರೋಗ ವಾಸಿಮಾಡುವ ರಕ್ತಚಿಕಿತ್ಸೆಗೆ ಹೆಸರಾದ ಆ ಊರಲ್ಲಿ ಔಷಧವೇ ವ್ಯಾಧಿಯಾಗಿ ಜನರು ಮೃಗಗಳಾಗುತ್ತಿರುವರು. ಆಡುವವಳು ಆ ರಾತ್ರಿ ಬೇಟೆಗಾರಳಾಗಿ ಬೀದಿಗಿಳಿಯುವಳು.

ಇನ್ನು ಆಟದ ಕ್ರಮ. ವೈರಿಯನ್ನು ಜಯಿಸಿದಾಗಲೆಲ್ಲಾ ರಕ್ತದ ಪ್ರತಿಧ್ವನಿಯೆಂಬ ಸಂಪತ್ತು ದೊರೆಯುವದು. ಬಲವನ್ನು ಹೆಚ್ಚಿಸಿಕೊಳ್ಳುವದಕ್ಕೂ ಸಾಮಾನು ಕೊಳ್ಳುವದಕ್ಕೂ ಅದೇ ನಾಣ್ಯ. ಸತ್ತರೆ ಕೈಯಲ್ಲಿದ್ದದ್ದೆಲ್ಲಾ ಬಿದ್ದುಹೋಗುವದು. ತಿರಿಗಿ ಅಲ್ಲಿಗೆ ಹೋಗಿ ಎತ್ತಿಕೊಳ್ಳಬಹುದು. ಕೆಲವು ವೇಳೆ ಹತ್ತಿರದ ವೈರಿಯೇ ಅದನ್ನು ಕಸಿದುಕೊಂಡಿರುವನು, ಅವನ ಕಣ್ಣು ಹೊಳೆಯುವದೇ ಗುರುತು. ಅದು ಕೈಸೇರುವದಕ್ಕೆ ಮುಂಚೆ ಇನ್ನೊಮ್ಮೆ ಸತ್ತರೆ ಎಲ್ಲವೂ ಶಾಶ್ವತವಾಗಿ ನಷ್ಟ. ಹೀಗಿರುವದರಿಂದ, ಇನ್ನಷ್ಟು ಮುಂದೆ ಹೋಗಲೋ, ಗಳಿಸಿದ್ದರೊಡನೆ ಹಿಂದಿರುಗಲೋ ಎಂಬ ವಿಚಾರವು ಹೆಜ್ಜೆಹೆಜ್ಜೆಗೂ ಏಳುವದು. ಆಟವನ್ನು ಸುಲಭಮಾಡಿಕೊಳ್ಳುವ ಏರ್ಪಾಡು ಇಲ್ಲವೇ ಇಲ್ಲ. ಗಾಯಕ್ಕೆ ಮದ್ದಾದ ರಕ್ತದ ಕುಪ್ಪಿಗಳನ್ನು ಸಾಧಾರಣವಾಗಿ ಒಂದು ಸಾರಿಗೆ 20 ಮಾತ್ರ ಒಯ್ಯಬಹುದು.

ಗುರಾಣಿಯ ಮರೆಯಲ್ಲಿ ನಿಲ್ಲುವವರಿಗೆ ಈ ಆಟವು ಅನುಕೂಲವಲ್ಲ. ಪೆಟ್ಟುತಿಂದ ಕೆಲವು ಕ್ಷಣಗಳೊಳಗೆ ತಿರಿಗಿ ಹೊಡೆದರೆ ಕಳೆದ ಪ್ರಾಣಬಲದಲ್ಲಿ ಸ್ವಲ್ಪ ಮರಳಿ ಬರುವದು. ವೈರಿಯು ಕೈಯೆತ್ತಿದ ಸರಿಯಾದ ಗಳಿಗೆಯಲ್ಲಿ ಬಂದೂಕು ಹಾರಿಸಿದರೆ ಅವನು ತತ್ತರಿಸುವನು. ಆದರೆ ರೋಷದಿಂದ ಹೊಡೆಯುತ್ತಲೇ ಹೋದವರು ಸಾಯುವರು. ಅಂಜಿ ಓಡುವದೂ ಉಪಯೋಗವಲ್ಲ, ಆತುರವೂ ಉಪಯೋಗವಲ್ಲ. ನೋಡಿ ಕಲಿಯುವದೊಂದೇ ಉಪಾಯ. ಹತ್ತು ಸೋಲುಗಳಲ್ಲಿ ಮಗಳು ಮಾಡುತ್ತಿದ್ದ ಕೆಲಸವು ಇದೇ.

ಇದರಲ್ಲಿ ಕರುಣರಸವೂ ಉಂಟು. ಒಂದು ಕಿಟಕಿಯ ಹಿಂದಿನಿಂದ ಚಿಕ್ಕ ಹುಡುಗಿಯೊಬ್ಬಳು ತನ್ನ ತಾಯಿಯನ್ನು ಹುಡುಕಿಕೊಡಬೇಕೆಂದು ಬೇಡಿ, ಸಂಗೀತದ ಪೆಟ್ಟಿಗೆಯೊಂದನ್ನು ಕೊಡುವಳು. ಮುಂದೆ ಎದುರಾಗುವ ಗ್ಯಾಸ್ಕಾಯ್ನ್ ಎಂಬ ಭಯಂಕರನಾದ ಬೇಟೆಗಾರನೇ ಅವಳ ತಂದೆ. ಆ ಪೆಟ್ಟಿಗೆಯ ರಾಗವನ್ನು ಕೇಳಿದರೆ ಅವನು ತಲೆಯನ್ನು ಹಿಡಿದುಕೊಂಡು ತಡೆದು ನಿಲ್ಲುವನು. ಹುಡುಗಿಯ ಮಾತಿಗೆ ಕಿವಿಗೊಡದೆ ಹೋದವರಿಗೆ ಈ ಸಹಾಯವು ದೊರೆಯದು.

ಆದರೂ ಇದು ಎಳೆಯರ ಆಟವಲ್ಲ. ರಕ್ತವೂ ಕ್ರೌರ್ಯವೂ ಇದರಲ್ಲಿ ತುಂಬಿರುವದರಿಂದ ಅಮೇರಿಕದಲ್ಲಿ ಇದಕ್ಕೆ 17, ಯೂರೋಪಿನಲ್ಲಿ 16 ವರುಷಗಳ ವಯೋಮಿತಿಯನ್ನು ಗೊತ್ತುಮಾಡಿದ್ದಾರೆ. ಅದನ್ನು ಪಾಲಿಸುವದು ಹಿರಿಯರ ಕರ್ತವ್ಯ.

ಇನ್ನೊಂದು ಮಾತು. ಈ ಆಟವನ್ನು ನಡುವೆ ತಡೆದು ನಿಲ್ಲಿಸುವ ಗುಂಡಿಯಿಲ್ಲ. ಊಟಕ್ಕೆ ಕರೆದಾಗ ಬೆಳೆದ ಮಗಳು ತಡಮಾಡಿದರೆ ಅದು ಅವಿಧೇಯತೆಯೇ ಎಂದು ಎಣಿಸಬಾರದು. ಹೋರಾಟವು ಮುಗಿಯುವಷ್ಟು ಸಮಯ ಕೊಡಿರಿ. ಕ್ರಮವಾಗಿ ಹೊರಗೆ ಬಂದರೆ ಯಂತ್ರವು ಆಟವನ್ನು ಕಾಪಾಡಿಡುವದೆಂಬದನ್ನು ಮಗಳೂ ಅರಿತಿರಲಿ. ಊಟವಾದ ಮೇಲೆ ಪಕ್ಕದಲ್ಲಿ ಕೂತು, ಈ ಸಾರಿ ಸೋತದ್ದು ಯಾಕೆಂದು ಅವಳನ್ನೇ ಕೇಳಿರಿ. ಆಗ ಆಟವನ್ನೂ ಮಗಳನ್ನೂ ಇನ್ನಷ್ಟು ತಿಳಿದುಕೊಳ್ಳುವಿರಿ.