ತಂಪೂ ಬೇಕು, ಉಸಿರೂ ಬೇಕು

ಕೋಲಾರ ಚಿನ್ನದ ಗಣಿಯ ಊರಿಗಾಂ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ಹತ್ತಿದವರು ಬಂಗಾರಪೇಟೆ ದಾಟಿ ಬೆಂಗಳೂರು ಮುಟ್ಟಲು ಹೆಚ್ಚುಕಡಿಮೆ ಎರಡು ಗಂಟೆ. ಸಂಜೆ ವಾಪಸಾಗಲು ಇನ್ನೆರಡು. ಒಬ್ಬರ ಎದೆಯಿಂದ ತೆಗೆದ ಹೃದಯ ಇನ್ನೊಬ್ಬರ ಎದೆಯಲ್ಲಿ ಮಿಡಿಯಲು ಸಿಗುವ ಹೊತ್ತೂ ಸುಮಾರು ಅಷ್ಟೇ: ನಾಲ್ಕು ಗಂಟೆ. ಅದರಲ್ಲಿ ಗಂಟೆಯಷ್ಟು ಹೊಲಿಗೆಗೇ ಹೋಗುತ್ತದೆ. ಮೂತ್ರಪಿಂಡಕ್ಕೆ ಇಷ್ಟು ಆತುರವಿಲ್ಲ, ಒಂದು ದಿನ ಕಾಯುತ್ತದೆ.

ಹೃದಯದ ಆತುರಕ್ಕೇ ರಸ್ತೆ ತೆರವು ಮಾಡಿಸುವ ಗದ್ದಲವೆಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೃದಯವೊಂದು ವಿಮಾನದಲ್ಲಿ ಚೆನ್ನೈಗೆ ಹೋಯಿತು. 2025ರ ಸೆಪ್ಟೆಂಬರ್‌ನ ಒಂದು ರಾತ್ರಿ ಇನ್ನೊಂದು ಹೃದಯ ಗೊರಗುಂಟೆಪಾಳ್ಯದಿಂದ ಸಂಪಿಗೆ ರಸ್ತೆಗೆ ಮೆಟ್ರೊದಲ್ಲಿ ಬಂತು. ಜಾಣತನವೇ ಸರಿ. ಆದರೆ ಗಡುವು ಹಾಕುತ್ತಿರುವುದು ಟ್ರಾಫಿಕ್ ಅಲ್ಲ, ಪೆಟ್ಟಿಗೆಯೊಳಗಿನ ಐಸು.

ಪೊಟ್ಯಾಸಿಯಂ ಬೆರೆಸಿದ ತಣ್ಣನೆಯ ದ್ರಾವಣ ಹಾಯಿಸಿ ಹೃದಯದ ಬಡಿತ ನಿಲ್ಲಿಸುತ್ತಾರೆ. ಚೀಲದೊಳಗೆ ಚೀಲ ಕಟ್ಟಿ ಐಸಿನ ನಡುವೆ ಇಡುತ್ತಾರೆ. ಜೀವಕೋಶಗಳ ಹಸಿವು ಕುಗ್ಗುತ್ತದೆ, ಹಿಂಗುವುದಿಲ್ಲ. ಆಮ್ಲಜನಕ ಬರುವ ದಾರಿಯಿಲ್ಲ. ಕೂಡಿಟ್ಟ ಶಕ್ತಿ ಸವೆಯುತ್ತದೆ, ಆಮ್ಲ ಸೇರಿಕೊಳ್ಳುತ್ತದೆ. ಸೋಡಿಯಂ ಹೊರಹಾಕುವ ಪಂಪು ಸೋತು, ಕೋಶ ನೀರು ಕುಡಿದು ಊದಿಕೊಳ್ಳುತ್ತದೆ.

ತಂಪೊಂದೇ ಸಾಲದು, ಉಸಿರೂ ಬೇಕೆಂದು ಗಣಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆಯೇ 60 ಡಿಗ್ರಿ ದಾಟುತ್ತಿತ್ತು. ಮೇಲೆ ಪ್ಲಾಂಟ್ ಹಾಕಿ, ಗಾಳಿಯನ್ನು ತಣಿಸಿ ಶಾಫ್ಟಿನಲ್ಲಿ ಇಳಿಸುತ್ತಿದ್ದರು. ತಂಪೂ ಅದೇ, ಉಸಿರೂ ಅದೇ.

ಹೃದಯಕ್ಕೂ ಈಗ ಅಂಥದೇ ಯಂತ್ರ ಬಂದಿದೆ. ಸ್ವೀಡನ್ನಿನಲ್ಲಿ ರೂಪುಗೊಂಡ ಪೆಟ್ಟಿಗೆಯೊಂದು 8 ಡಿಗ್ರಿಯ ದ್ರವದಲ್ಲಿ ಆಮ್ಲಜನಕ, ಪೋಷಕಾಂಶ ಬೆರೆಸಿ, ನಿಂತ ಹೃದಯದ ರಕ್ತನಾಳಗಳಿಗೆ ಮೆಲ್ಲಗೆ ಹರಿಸುತ್ತದೆ. ಇನ್ನೊಂದು ಬಗೆಯದು ಹೃದಯವನ್ನು ತಣಿಸುವುದೇ ಇಲ್ಲ. ಬೆಚ್ಚಗಿನ ರಕ್ತ ಹರಿಸಿ, ದೇಹದ ಹೊರಗೂ ಮಿಡಿಯುತ್ತಲೇ ಇಡುತ್ತದೆ. 2014ರಲ್ಲಿ ಸಿಡ್ನಿಯ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯವರು ದಾನಿಯ ದೇಹದಲ್ಲಿ ಬಡಿತ ನಿಂತೇಹೋಗಿದ್ದ ಹೃದಯವನ್ನು ಇದರಲ್ಲಿ ಮತ್ತೆ ಮಿಡಿಸಿ ಕಸಿ ಮಾಡಿದರು. ನೋಡುವವರ ಮೈ ಜುಮ್ಮೆನ್ನಿಸುವುದು ಈ ಎರಡನೆಯದೇ. ಆದರೂ ದೂರದ ದಾರಿಗೆ ನನ್ನ ಒಲವು ಆ ಸದ್ದಿಲ್ಲದ ಪೆಟ್ಟಿಗೆಯ ಕಡೆ. ದಾರಿಯಲ್ಲಿ ಪಂಪು ಕೈಕೊಟ್ಟರೆ ತಣ್ಣಗಿರುವ ಹೃದಯ ಸ್ವಲ್ಪ ಹೊತ್ತಾದರೂ ತಾಳುತ್ತದೆ. ಮಿಡಿಯುವ ಹೃದಯಕ್ಕೆ ಆ ವ್ಯವಧಾನವಿಲ್ಲ.

ಆ ತಂಪು ಪೆಟ್ಟಿಗೆಯಲ್ಲಿ ಕೆರಿಬಿಯನ್ನಿನ ಫ್ರೆಂಚ್ ದ್ವೀಪಗಳ ಹೃದಯವೊಂದು ಮಾಮೂಲಿ ಪ್ರಯಾಣಿಕರ ವಿಮಾನದಲ್ಲಿ ಅಟ್ಲಾಂಟಿಕ್ ದಾಟಿ ಪ್ಯಾರಿಸ್ ಸೇರಿ, 12 ಗಂಟೆಯ ಬಳಿಕವೂ ಮಿಡಿಯಿತೆಂದು 2024ರಲ್ಲಿ ವರದಿಯಾಯಿತು. ಯಂತ್ರ ಬಲು ದುಬಾರಿ, ನಿಜ. ಆದರೆ 12 ಗಂಟೆ ಸಿಕ್ಕರೆ, ಹುಬ್ಬಳ್ಳಿಯಲ್ಲಿ ರಾತ್ರಿ ರೈಲಿಗೆ ಹತ್ತಿಸಿದ ಹೃದಯ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದ ಮೇಲೂ ಹೊಲಿಯಲು ಹೊತ್ತು ಉಳಿದಿರುತ್ತದೆ.